ಸಾಲು ಸಾಲಾಗಿ ನೋಡುವ ನೇತ್ರಾವತಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಹದಿನಾಲ್ಕು ಜನರ ಒಂದು ಸಣ್ಣ ಕಂಪನಿಯಿದೆ. ಆಸ್ಪತ್ರೆಯವರು, ಸೇವಾ ಸಂಸ್ಥೆಯವರು ವರ್ಷಗಟ್ಟಲೆ ಕೂಡಿಟ್ಟ ಮಾಹಿತಿಯನ್ನು ಇಲ್ಲಿಗೆ ತಂದುಕೊಡುತ್ತಾರೆ. ಅದನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಮುಂದೆ ಏನಾಗಬಹುದು ಎಂದು ಅಂದಾಜು ಕಟ್ಟಿ ಹೇಳುವುದು ಇವರ ಕಸುಬು. ಡೇಟಾ ಸೈನ್ಸ್ ಎಂದು ಅದಕ್ಕೆ ಹೆಸರು.

ನೇತ್ರಾವತಿ ಅಲ್ಲಿ ಸೇರಿದ ಹೊಸತರಲ್ಲಿ ಅವಳ ರೀತಿ ಕಂಡು ಪಕ್ಕದವರು ಮುಸಿಮುಸಿ ನಗುತ್ತಿದ್ದರಂತೆ. ಹೊಸ ಫೈಲು ಬಂತೆಂದರೆ ಮಿಕ್ಕವರೆಲ್ಲ ಐದೇ ನಿಮಿಷದಲ್ಲಿ ಪ್ರೋಗ್ರಾಮ್ ಓಡಿಸಿ ಗ್ರಾಫ್ ಬಿಡಿಸಿ ಮುಗಿಸಿರುತ್ತಿದ್ದರು. ಇವಳು ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತ ಕೂತಿರುತ್ತಿದ್ದಳು. ಮೊದಲ ಮುನ್ನೂರು ಸಾಲನ್ನು ಒಂದೊಂದಾಗಿ ಕಣ್ಣಲ್ಲೇ ಓದಬೇಕು, ಆಮೇಲೆಯೇ ಕೀಬೋರ್ಡು. ಸೊಪ್ಪು ಬಿಡಿಸೋ ಹಂಗೆ ಡೇಟಾ ಬಿಡಿಸ್ತಾರೆ ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಅವಳಿಗೆ ಆ ಮಾತು ಹಿಡಿಸಿತ್ತು.

ಅವಳ ತವರು ನಿಟ್ಟೂರು. ಅಪ್ಪ ಕದರಯ್ಯನಿಗೆ ಒಂದೂವರೆ ಎಕರೆ ತೆಂಗು, ಅದರಾಚೆ ರಾಗಿ ಹೊಲ. ನಿಟ್ಟೂರಿನಿಂದ ತುಮಕೂರಿಗೆ ರೈಲಲ್ಲಿ ಓಡಾಡಿಕೊಂಡೇ ಬಿ.ಎಸ್ಸಿ. ಮುಗಿಸಿದಳು, ಗಣಿತದಲ್ಲಿ ಒಳ್ಳೆ ಅಂಕ. ಮುಂದೆ ಓದುವ ಮಾತು ಬರುವ ಮೊದಲೇ ಗುಬ್ಬಿಯ ರವಿಕಿರಣನ ಜೊತೆ ಮದುವೆಯಾಯಿತು. ಅವನಿಗೆ ಈಗ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಎಲೆಕ್ಟ್ರಿಕ್ ಕೆಲಸ. ಮನೆಯಲ್ಲಿ ಅತ್ತೆ ದೊಡ್ಡಗಂಗಮ್ಮ ಒಬ್ಬರೇ. ಮದುವೆಯಾದ ಮರುವರ್ಷ ನೇತ್ರಾವತಿ ಗುಬ್ಬಿಯಲ್ಲಿದ್ದ ಒಂದು ಸೇವಾ ಸಂಸ್ಥೆಗೆ ಡೇಟಾ ಎಂಟ್ರಿಗೆ ಸೇರಿಕೊಂಡಳು. ಹಳ್ಳಿ ಹಳ್ಳಿಯ ಬಸುರಿ ಹೆಂಗಸರನ್ನು ತಿಂಗಳು ತಿಂಗಳು ಪರೀಕ್ಷೆ ಮಾಡಿ ನೋಡಿಕೊಳ್ಳುವ ಸಂಸ್ಥೆ ಅದು. ಕಾರ್ಯಕರ್ತೆಯರು ಪುಸ್ತಕದಲ್ಲಿ ಬರೆದು ತಂದದ್ದನ್ನು ಇವಳು ಕಂಪ್ಯೂಟರಿಗೆ ಕುಟ್ಟಬೇಕು. ಹೆಸರು, ವಯಸ್ಸು, ತೂಕ, ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟು ಪಾಯಿಂಟ್. ಎಂಟು ವರ್ಷ ಅದನ್ನೇ ಕುಟ್ಟಿದಳು.

ಕುಟ್ಟುತ್ತ ಕುಟ್ಟುತ್ತ ಅವಳಿಗೊಂದು ಕುತೂಹಲ ಹತ್ತಿತು. ಒಂದೇ ಊರಿನ ಹೆಂಗಸರಿಗೆ ಬೇಸಿಗೆಯಲ್ಲೇ ಯಾಕೆ ತೂಕ ಇಳಿಯುತ್ತದೆ? ಎರಡನೇ ಬಸುರಿಯಲ್ಲಿ ರಕ್ತ ಕಮ್ಮಿಯಾಗುವುದು ಯಾರಿಗೆ? ಲಾಕ್‌ಡೌನ್ ಬಂದು ಆಫೀಸು ಮುಚ್ಚಿದಾಗ ಫೋನಲ್ಲಿ ಪುಕ್ಕಟೆ ಪಾಠಗಳನ್ನು ಹುಡುಕಿಕೊಂಡಳು. ಇಂಗ್ಲಿಷ್ ಅರ್ಥವಾಗದ ಕಡೆ ವೇಗ ಅರ್ಧಕ್ಕಿಳಿಸಿ ಕೇಳಿ ನೋಟ್ಸನ್ನು ಕನ್ನಡದಲ್ಲಿ ಬರೆದುಕೊಂಡಳು.

ಇಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಅವಸರ ಹಿಡಿಯಿತು. ಮೂವತ್ತು ದಾಟಿತಲ್ಲ, ಇನ್ನು ಯಾವಾಗ ಎಂಬ ಅವಸರ. ಒಟ್ಟಿಗೆ ಆರು ಕೋರ್ಸಿಗೆ ಸೇರಿದಳು. ಮುದ್ದೆ ತೊಳಸುವಾಗಲೂ ಕಿವಿಯಲ್ಲಿ ಪಾಠ. ಮೂರು ಕಂಪನಿಗಳ ಇಂಟರ್‌ವ್ಯೂಗೆ ಹೋಗಿ ಮೂರರಲ್ಲೂ ಗೊತ್ತಿದ್ದ ಪ್ರಶ್ನೆಗೇ ತಡವರಿಸಿ ಬಂದಳು. ಕತ್ತು ಹಿಡಿದುಕೊಂಡಿತು, ನಿದ್ದೆ ಕೆಟ್ಟಿತು. ಒಲೆ ಮೇಲೆ ಹಾಲಿಟ್ಟು ಮರೆತು ಪಾತ್ರೆ ಹೊತ್ತಿಹೋದ ದಿನ, ಕೇಳಲು ಬಂದ ಅತ್ತೆಯ ಮೇಲೆ ರೇಗಿ, ಆಮೇಲೆ ಬಚ್ಚಲಲ್ಲಿ ನಿಂತು ಅತ್ತಳು.

ದೊಡ್ಡಗಂಗಮ್ಮ ರೇಗಲಿಲ್ಲ. ಮರುದಿನ ಬೆಳಿಗ್ಗೆ ಸೊಸೆಯನ್ನು ಎಬ್ಬಿಸಿ, ತಾವು ಮಂಡಿನೋವಿಗೆಂದು ಹೋಗುತ್ತಿದ್ದ ಯೋಗದ ತರಗತಿಗೆ ಕರೆದುಕೊಂಡು ಹೋದರು. ಊರಿನ ಸಮುದಾಯ ಭವನದಲ್ಲಿ ಅದನ್ನು ನಡೆಸುತ್ತಿದ್ದವರು ಲಕ್ಷ್ಮೀನರಸಿಂಹಯ್ಯ ಎಂಬ ನಿವೃತ್ತ ವಿಜ್ಞಾನ ಮೇಷ್ಟ್ರು. ಆಸನ ಮುಗಿದ ಮೇಲೆ ಎಲ್ಲರನ್ನೂ ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸುತ್ತಿದ್ದರು. ನೇತ್ರಾವತಿ ಎದೆಯುಬ್ಬಿಸಿ ಜೋರಾಗಿ ಉಸಿರೆಳೆಯುತ್ತಿದ್ದುದನ್ನು ಕಂಡು ಹತ್ತಿರ ಬಂದರು.

“ಉಸಿರನ್ನ ಸರಿ ಮಾಡೋಕೆ ಹೋಗ್ಬೇಡಮ್ಮ. ಅದು ಹೆಂಗೆ ಬರ್ತಾ ಇದೆಯೋ ಹಂಗೇ ಮೊದ್ಲು ನೋಡು.”

ಎರಡು ವಾರ ಅವಳಿಗೆ ಅದು ದಂಡವೆನ್ನಿಸಿತು. ಕಣ್ಣು ಮುಚ್ಚಿದರೆ ಬಿಟ್ಟುಬಂದ ಪಾಠಗಳೇ ಕುಣಿಯುತ್ತಿದ್ದವು. ಮೂರನೇ ವಾರ ಒಂದು ಬೆಳಿಗ್ಗೆ, ಅವು ಕುಣಿಯುತ್ತಿವೆ ಎಂಬುದನ್ನೇ ನೋಡುತ್ತ ಕೂತಳು. ಕುಣಿದು ಕುಣಿದು ಅವೇ ಸುಮ್ಮನಾದವು. ಆವತ್ತು ಮನೆಗೆ ಬಂದು ಆರರಲ್ಲಿ ಐದು ಕೋರ್ಸು ಬಿಟ್ಟಳು. ಉಳಿಸಿಕೊಂಡದ್ದು ಸಂಖ್ಯಾಶಾಸ್ತ್ರ ಒಂದೇ. ಅದನ್ನು ಹಿಡಿದುಕೊಂಡು ಪೂರ್ತಿ ಒಂದು ವರ್ಷ ಕೂತಳು.

ಕಲಿತದ್ದನ್ನು ಒರೆಗೆ ಹಚ್ಚಿ ನೋಡಲು ಡೇಟಾ ಬೇಕಲ್ಲ? ಗುಬ್ಬಿ ಸ್ಟೇಷನ್ನು ಮನೆಗೆ ಹತ್ತಿರವಿತ್ತು. ಬೆಳಗಿನ ಪ್ಯಾಸೆಂಜರ್ ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ದಿನಾ ಹೋಗಿ ಗುರುತು ಹಾಕಿಕೊಂಡಳು. ವರ್ಷ ತುಂಬಿದಾಗ, ನಾಳೆ ರೈಲು ಎಷ್ಟು ತಡ ಎಂದು ಸುಮಾರಾಗಿ ಹೇಳುವಷ್ಟು ಲೆಕ್ಕ ಕಟ್ಟಿದ್ದಳು. ತುಮಕೂರಿನ ಕಂಪನಿ ನಡೆಸುವ ಶಿವಮೂರ್ತಿಯವರ ಮುಂದೆ ಇಂಟರ್‌ವ್ಯೂನಲ್ಲಿ ಅವಳು ತೋರಿಸಿದ್ದು ಅದನ್ನೇ. ಮಧ್ಯೆ ಮಧ್ಯೆ ನಲವತ್ತೊಂದು ದಿನ ಖಾಲಿ ಇದೆಯಲ್ಲ ಎಂದು ಅವರು ಕೇಳಿದರು. ಆ ದಿನಗಳಲ್ಲಿ ತಾನು ಸ್ಟೇಷನ್ನಿಗೆ ಹೋಗಿರಲಿಲ್ಲ, ಕಾಣದ್ದನ್ನು ಹೇಗೆ ಬರೆಯಲಿ ಎಂದಳು. ಶಿವಮೂರ್ತಿ ಅವಳನ್ನು ತಕ್ಷಣ ತೆಗೆದುಕೊಂಡರು.

ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವಳು ಹಿಂದೆ ಕೆಲಸ ಮಾಡಿದ್ದ ಸೇವಾ ಸಂಸ್ಥೆ ಅಷ್ಟರಲ್ಲಿ ಕುಣಿಗಲ್ ಕಡೆಗೂ ಹಬ್ಬಿತ್ತು. ಯಾವ ಬಸುರಿಗೆ ರಕ್ತ ತೀರ ಕಮ್ಮಿಯಾಗುವ ಅಪಾಯವಿದೆ ಎಂದು ಮೊದಲೇ ಹೇಳುವ ಒಂದು ವ್ಯವಸ್ಥೆ ಬೇಕೆಂದು ಅವರು ಈ ಕಂಪನಿಗೇ ಬಂದರು. ಅದನ್ನು ಕಟ್ಟಿದವನು ಚೈತನ್ಯ, ಅವಳಿಗಿಂತ ಎಂಟು ವರ್ಷ ಚಿಕ್ಕವನು, ಬಲು ಚುರುಕು. ನೂರಕ್ಕೆ ತೊಂಬತ್ತನಾಲ್ಕು ಸಲ ಅದರ ಉತ್ತರ ಸರಿ ಬರುತ್ತಿತ್ತು. ಆಫೀಸಿನಲ್ಲಿ ಮೈಸೂರುಪಾಕು ಹಂಚಿದ್ದೂ ಆಯಿತು. ಸೋಮವಾರ ಸಂಸ್ಥೆಯವರ ಮುಂದೆ ತೋರಿಸುವುದು ಬಾಕಿ. ಅದಕ್ಕೆ ಮೊದಲು ಒಮ್ಮೆ ಕಣ್ಣಾಡಿಸಿ ಎಂದು ಶಿವಮೂರ್ತಿ ಫೈಲನ್ನು ನೇತ್ರಾವತಿಗೆ ಕೊಟ್ಟರು.

ಅವಳು ತನ್ನ ರೂಢಿಯಂತೆ ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಇನ್ನೂರು ಸಾಲು ಕಳೆಯುವ ಹೊತ್ತಿಗೆ ಕುಣಿಗಲ್ ಕಡೆಯ ಹಳ್ಳಿಗಳು ಶುರುವಾದವು. ಹನ್ನೊಂದು ಪಾಯಿಂಟ್ ಎರಡು. ಬಸುರಿಗೆ ಸಾಕಾಗುವಷ್ಟು ರಕ್ತ ಅದು. ಅದರ ಕೆಳಗೂ ಹನ್ನೊಂದು ಪಾಯಿಂಟ್ ಎರಡು. ಹೆಸರು ಬೇರೆ, ಊರು ಬೇರೆ, ತೂಕ ಬೇರೆ. ರಕ್ತ ಮಾತ್ರ ಎಲ್ಲರಿಗೂ ಒಂದೇ. ಎಣಿಸಿದರೆ, ನಾಲ್ಕು ತಿಂಗಳಲ್ಲಿ ಸಾವಿರದ ಮುನ್ನೂರು ಹೆಂಗಸರು. ಎಲ್ಲರಿಗೂ ಒಂದೇ ಅಂಕಿ ಇದ್ದರೆ ಸರಿಯುತ್ತರ ಹೇಳುವುದೇನು ಕಷ್ಟ? ತೊಂಬತ್ತನಾಲ್ಕು ಬಂದದ್ದು ಹಾಗೆ. ಆ ಸಾಲುಗಳನ್ನು ಕಿತ್ತುಹಾಕಿದರೆ ಆಯಿತು ಎಂದ ಚೈತನ್ಯ. ಕೀಳುವ ಮೊದಲು ಇದು ಯಾಕೆ ಬಂತೆಂದು ನೋಡಿಬರುತ್ತೇನೆ ಎಂದು ಅವಳು ಶಿವಮೂರ್ತಿಯವರ ಹತ್ತಿರ ಒಂದು ದಿನ ಕೇಳಿದಳು. ಅವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಶುಕ್ರವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದಳು. ಅಲ್ಲಿಂದ ಆಟೋದಲ್ಲಿ ಆರು ಕಿಲೋಮೀಟರ್ ಆಚೆಯ ಹಳ್ಳಿ. ಸಂಸ್ಥೆಯ ಕಾರ್ಯಕರ್ತೆ ಚಿಕ್ಕಮಾರಮ್ಮ ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿ, ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ರಕ್ತ ನೋಡುವ ಮಿಷನ್ನಿಗೆ ಹಾಕುವ ಸ್ಟ್ರಿಪ್ ಮುಗಿದು ನಾಲ್ಕು ತಿಂಗಳಾಗಿತ್ತು. ಬರೆದು ಕಳಿಸಿದ್ದರು, ಬಂದಿರಲಿಲ್ಲ. ಟ್ಯಾಬ್ ತೆಗೆದು ತೋರಿಸಿದರು.

“ಖಾಲಿ ಬುಟ್ರೆ ಇದು ಮುಂದಕ್ಕೇ ಹೋಗಲ್ಲ ಕಣಮ್ಮ. ಅದರಷ್ಟಕ್ಕದೇ ಹನ್ನೊಂದು ಪಾಯಿಂಟ್ ಎರಡು ಅಂತ ತೋರಿಸ್ತದೆ. ನಾವು ಹಂಗೇ ಒತ್ತಿಬುಡ್ತೀವಿ.”

ನೇತ್ರಾವತಿ ಟ್ಯಾಬನ್ನು ಕೈಗೆ ತೆಗೆದುಕೊಂಡಳು. ಹಸಿರು ಚೌಕ, ಅದರೊಳಗೆ ಆ ಅಂಕಿ. ಒಮ್ಮೆಗೇ ಎಲ್ಲ ನೆನಪಾಯಿತು. ಹತ್ತು ವರ್ಷದ ಹಿಂದೆ ಗುಬ್ಬಿಯ ಆಫೀಸಿನಲ್ಲಿ, ಪುಸ್ತಕದಲ್ಲಿ ಒಂದು ಜಾಗ ಖಾಲಿ ಇದ್ದರೂ ಇಡೀ ದಿನದ ಎಂಟ್ರಿ ವಾಪಸ್ಸಾಗುತ್ತಿತ್ತು. ಖಾಲಿ ಇದ್ದ ಕಡೆ ಸರಾಸರಿಯನ್ನು ತಾನಾಗಿಯೇ ತುಂಬುವಂತೆ ಮಾಡಿ ಎಂದು ಸಾಫ್ಟ್‌ವೇರಿನವರಿಗೆ ಉಪಾಯ ಹೇಳಿಕೊಟ್ಟವಳು ಅವಳೇ. ಆ ಸರಾಸರಿಯನ್ನು ಲೆಕ್ಕ ಹಾಕಿ ಕೊಟ್ಟವಳೂ ಅವಳೇ. ಕೆಲಸ ಬೇಗ ಮುಗಿಯಿತೆಂದು ಆ ವರ್ಷ ಅವಳಿಗೆ ಪ್ರಶಂಸಾಪತ್ರ ಕೊಟ್ಟಿದ್ದರು. ಆ ಫಾರ್ಮೇ ಕುಣಿಗಲ್ಲಿಗೆ ಬಂದಿತ್ತು.

ವಾಪಸ್ ಬರುವಾಗ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕೂತವಳು ಎರಡು ಬಸ್ಸು ಬಿಟ್ಟಳು. ಆ ಫಾರ್ಮಿನ ಮೇಲೆ ಯಾರ ಹೆಸರೂ ಇಲ್ಲ. ಸ್ಟ್ರಿಪ್ ಇರಲಿಲ್ಲ ಎಂದಷ್ಟೇ ಹೇಳಿದರೂ ಸುಳ್ಳಾಗುವುದಿಲ್ಲ. ಬರುವ ತಿಂಗಳು ಅವಳನ್ನು ಟೀಮ್ ಲೀಡ್ ಮಾಡುವ ಮಾತಿತ್ತು. ಹೀಗೆಲ್ಲ ಮನಸ್ಸು ದಾರಿ ಹುಡುಕುತ್ತಿದ್ದುದನ್ನು ಅವಳು ತಡೆಯಲೂ ಇಲ್ಲ, ಅದರ ಹಿಂದೆ ಓಡಲೂ ಇಲ್ಲ. ಹುಡುಕಲಿ ಎಂದು ನೋಡುತ್ತ ಕೂತಳು. ಮೂರನೇ ಬಸ್ಸು ಬರುವ ಹೊತ್ತಿಗೆ ಏನು ಹೇಳಬೇಕೆಂಬುದು ತಿಳಿಯಾಗಿತ್ತು.

ಮನೆಯಲ್ಲಿ ಗಂಡನಿಗೂ ಅತ್ತೆಗೂ ಎಲ್ಲ ಹೇಳಿದಳು. ದೊಡ್ಡಗಂಗಮ್ಮ, “ತಪ್ಪು ಮಾಡ್ದೋಳೂ ನೀನೆ, ಹುಡುಕ್ದೋಳೂ ನೀನೆ. ಬಾ, ಉಣ್ಣು” ಎಂದರು.

ಸೋಮವಾರ ಸಂಸ್ಥೆಯ ಕಡೆಯಿಂದ ಮೋಹನ್‌ಕುಮಾರ್ ಎಂಬ ಅಧಿಕಾರಿ ಬಂದಿದ್ದರು. ಚೈತನ್ಯನ ಗ್ರಾಫ್‌ಗಳನ್ನು ಪರದೆಗೆ ಹಾಕುವ ಮೊದಲೇ ನೇತ್ರಾವತಿ ಎದ್ದು ನಿಂತು ಕಂಡದ್ದನ್ನೆಲ್ಲ ಹೇಳಿದಳು.

“ಆ ಅಂಕೀನ ಫಾರ್ಮಿಗೆ ಹಾಕಿಸಿದ್ದು ನಾನೇ ಸಾರ್. ಕೆಲಸ ಬೇಗ ಮುಗೀಲಿ ಅಂತ. ಕಾರ್ಯಕರ್ತೆಯರದ್ದು ಏನೂ ತಪ್ಪಿಲ್ಲ.”

ಮೋಹನ್‌ಕುಮಾರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಅಂದ್ರೆ ನಾಲ್ಕು ತಿಂಗಳಿಂದ ಆ ಹೆಂಗಸ್ರಿಗೆ ರಕ್ತ ಎಷ್ಟಿದೆ ಅಂತ ನಮಗೆ ಗೊತ್ತೇ ಇಲ್ಲ.”

“ಗೊತ್ತಿಲ್ಲ ಸಾರ್. ಗೊತ್ತಿಲ್ಲ ಅಂತಲೇ ಬರ್ಕೋಬೇಕು.”

ಆ ವಾರವೇ ಸ್ಟ್ರಿಪ್ ಬಂತು. ಮೂರು ವಾರ ಮನೆಮನೆಗೆ ಹೋಗಿ ಮತ್ತೆ ಪರೀಕ್ಷೆ ಮಾಡಿದರು. ಹತ್ತೊಂಬತ್ತು ಹೆಂಗಸರಿಗೆ ಏಳು ಪಾಯಿಂಟಿಗಿಂತ, ಅಂದರೆ ಅಪಾಯದ ಮಟ್ಟಕ್ಕಿಂತ, ಕಮ್ಮಿಯಿತ್ತು. ಅವರಲ್ಲಿ ಕೊಲ್ಲಾಪುರಮ್ಮ ಎಂಬಾಕೆಗೆ ಎಂಟು ತಿಂಗಳು, ರಕ್ತ ಐದೂ ಮುಕ್ಕಾಲು. ಅದೇ ದಿನ ತುಮಕೂರಿಗೆ ಕರೆತಂದು ರಕ್ತ ಕೊಡಿಸಿದರು. ಹೆರಿಗೆ ಸಲೀಸಾಯಿತು, ಹೆಣ್ಣುಮಗು, ಚೆನ್ನಾಗಿದೆ.

ವ್ಯವಸ್ಥೆಯನ್ನು ಹೊಸದಾಗಿ ಕಟ್ಟಲು ಐದು ತಿಂಗಳು ಹಿಡಿಯಿತು. ಈ ಸಲ ನೂರಕ್ಕೆ ಎಂಬತ್ತೊಂದು. ಆದರೆ ಅದು ಬೊಟ್ಟು ಮಾಡಿ ತೋರಿಸಿದವರ ಮನೆಗೆ ಹೋದರೆ ನಿಜವಾಗಿಯೂ ಸುಸ್ತಾಗಿ ಮಲಗಿದ ಹೆಂಗಸರು ಸಿಗುತ್ತಿದ್ದರು. ಫಾರ್ಮಿನಲ್ಲಿ ‘ಪರೀಕ್ಷೆ ಆಗಿಲ್ಲ’ ಎಂಬ ಒಂದು ಗುಂಡಿ ಬಂತು. ಟೀಮ್ ಲೀಡ್ ಸ್ಥಾನ ಆ ವರ್ಷ ಚೈತನ್ಯನಿಗೆ ಹೋಯಿತು. ಅವಳಿಗೆ ಬೇಜಾರಾಯಿತು, ಅದನ್ನು ಅವಳು ಮುಚ್ಚಿಡುವುದಿಲ್ಲ. ಆದರೆ ಲೀಡ್ ಆದ ಚೈತನ್ಯ ಮೊದಲು ಮಾಡಿದ ಕೆಲಸವೆಂದರೆ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡದ್ದು. ಹೊಸ ಫೈಲು ಬಂದರೆ ಇಬ್ಬರೂ ಕೂತು ಓದುತ್ತಿದ್ದರು. ಮರುವರ್ಷ ಸೇವಾ ಸಂಸ್ಥೆಯವರು, ಕೆಲಸವನ್ನು ಆ ನೇತ್ರಾವತಿ ಮೇಡಂ ನೋಡಿಕೊಳ್ಳುವುದಾದರೆ ಮಾತ್ರ ಕೊಡುತ್ತೇವೆ ಎಂದು ಬರೆದರು. ಹಾಗೆ ಅವಳೂ ಲೀಡ್ ಆದಳು.

ಈಗ ಅವಳ ಕೈಕೆಳಗೆ ನಾಲ್ಕು ಜನ. ಶನಿವಾರ ಮಧ್ಯಾಹ್ನ ಗುಬ್ಬಿಯಲ್ಲಿ ಡಿಗ್ರಿ ಓದುವ ಹೆಣ್ಣುಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಾಳೆ, ಕನ್ನಡದಲ್ಲೇ. ಅವರಲ್ಲಿ ಹರ್ಷಿತಾ ಎಂಬ ಹುಡುಗಿ ಒಮ್ಮೆ, ಈ ಕೆಲಸದಲ್ಲಿ ಬೇಗ ಮೇಲೆ ಬರೋಕೆ ಏನು ಓದಬೇಕು ಎಂದು ಕೇಳಿದಳು. ಬೇಗ ಬರುವುದು ತನಗೆ ಗೊತ್ತಿಲ್ಲ, ತನಗೆ ಹದಿಮೂರು ವರ್ಷ ಹಿಡಿಯಿತು ಎಂದಳಂತೆ ನೇತ್ರಾವತಿ.

ಸದ್ಯ ಅವಳ ಮುಂದಿರುವುದು ಹಸುಗೂಸುಗಳ ತೂಕದ ಫೈಲು. ಗೂಳೂರು ಕಡೆಯ ಮಕ್ಕಳಲ್ಲಿ ಮಂಗಳವಾರ ಹುಟ್ಟಿದವರಿಗೆ ಮಾತ್ರ ತೂಕ ಕಮ್ಮಿ ಎಂದಿದೆ. ಯಾಕೆಂದು ಇನ್ನೂ ತಿಳಿದಿಲ್ಲ. ಬರುವ ಮಂಗಳವಾರ ಅಲ್ಲಿಗೆ ಹೋಗಿ ತಕ್ಕಡಿ ನೋಡಿಕೊಂಡು ಬರುವವಳಿದ್ದಾಳೆ.