ಗಿರಿಜತ್ತೆಯ ದನಿಗೊಂದು ಕಂಪ್ಯಾರೇಟರ್

ಇವತ್ತು ಬೆಳಿಗ್ಗೆ ಟಾರ್ಚಿನ ತಂತಿ ಬೆಸೆಯಲೆಂದು ಸೋಲ್ಡರಿಂಗ್ ಕಡ್ಡಿ ಕಾಯಿಸಿದೆ. ರಾಳ ಸುಟ್ಟ ಹೊಗೆ ಮೂಗಿಗೆ ಬಡಿದದ್ದೇ, ಹೋದ ಕೊಯ್ಲಿಗೆ ಮೊದಲಿನ ದಿನಗಳು ನೆನಪಾದವು. ನಿಮಗೂ ಇಂಥದೊಂದು ವಾಸನೆ ಇದ್ದೀತು. ನನ್ನದು ಹೂವಿನದಲ್ಲ, ಅಷ್ಟೇ.

ನನ್ನ ಸೋದರತ್ತೆ ಗಿರಿಜತ್ತೆ ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ಮೇಸ್ತ್ರಿ. ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ಕೂಗಿ ಕೂಗಿ ನಡೆಸುವ ಕೆಲಸ. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಪಿಸುಮಾತಿಗೆ ಇಳಿಯಿತು. ಕೂಗಿದರೆ ಇರುವುದೂ ಹೋದೀತೆಂದು ಡಾಕ್ಟರು ಹೆದರಿಸಿದ್ದರು. ಎಸ್ಟೇಟಿನ ಸಾಹುಕಾರರು ಕೆಟ್ಟವರಲ್ಲ. "ಕೊಯ್ಲು ಶುರುವಾಗೋವರೆಗೆ ನೋಡುವ ಗಿರಿಜಾ. ಆಗದಿದ್ರೆ ಮೇಸ್ತ್ರಿ ಕೆಲಸ ಬೇರೆಯವರಿಗೆ ಕೊಡ್ಬೇಕಾಗ್ತದೆ" ಎಂದಿದ್ದರು. ಸೊಂಟಕ್ಕೆ ಕಟ್ಟುವ ಮೈಕ್ ಪೆಟ್ಟಿಗೆಯೊಂದನ್ನು ತಂದೆವು. ಅದರ ಬ್ಯಾಟರಿ ಮಧ್ಯಾಹ್ನದ ಊಟಕ್ಕೆ ಮೊದಲೇ ಮಲಗುತ್ತಿತ್ತು.

"ನಾನೇ ಮಾಡಿಕೊಡ್ತೀನತ್ತೆ" ಎಂದುಬಿಟ್ಟೆ. ಬ್ಯಾಟರಿ ಉಳಿಸುವ ಆಂಪ್ಲಿಫೈಯರ್ ಒಂದಿದೆ. ಅದರಲ್ಲಿ ಟ್ರಾನ್ಸಿಸ್ಟರು ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಎರಡು ವೋಲ್ಟೇಜುಗಳನ್ನು ಹೋಲಿಸಿ, ಯಾವಾಗ ಯಾವುದು ಎಂದು ಥಟ್ಟನೆ ಹೇಳುವುದು ಕಂಪ್ಯಾರೇಟರ್ ಎಂಬ ಎಂಟು ಕಾಲಿನ ಐಸಿ. ಮೂಡಿಗೆರೆಯಲ್ಲಿ ಅದು ಸಿಗಲಿಲ್ಲ, ಅದರ ದಾಯಾದಿಯಂಥ ಆಪ್-ಆಂಪ್ ಎಂಬ ಐಸಿ ಸಿಕ್ಕಿತು. ಅದಕ್ಕೂ ಎಂಟು ಕಾಲು, ಕಾಲುಗಳ ಕ್ರಮವೂ ಅದೇ.

"ಹಾಕು ಮಾರಾಯ, ಎರಡೂ ಹೋಲಿಸಿ ನೋಡೋದೇ ತಾನೆ? ಐಸಿ ಪಕ್ಕದ ಈ ರೆಸಿಸ್ಟರೂ ಬೇಡ, ವೋಲ್ಟೇಜನ್ನ ಇದು ತಾನೇ ಮೇಲೆತ್ತುತ್ತದೆ" ಎಂದ ಗೆಳೆಯ ಪ್ರಸನ್ನ. ರೆಸಿಸ್ಟರ್ ಕಿತ್ತೆವು.

ಗಿರಿಜತ್ತೆ ಪೆಟ್ಟಿಗೆ ಕಟ್ಟಿಕೊಂಡು ಎರಡು ಮಾತಾಡಿ, ಅದರ ಮೇಲೆ ಕೈಯಿಟ್ಟರು. "ಇದ್ರ ಮೇಲೆ ಅಕ್ಕಿರೊಟ್ಟಿ ಬೇಯಿಸ್ಬಹುದು ಕಣೋ. ದನಿ ಮಾತ್ರ ಕಪ್ಪೆದು."

ಪ್ರತಿ ಪರೀಕ್ಷೆಯನ್ನೂ ತಾರೀಖು ಹಾಕಿ ಬರೆದಿಡುವ ನಾನು, ಅಂದು ಬರೆದದ್ದು ಒಂದೇ ಪದ: ಬಿಸಿ. ಆಪ್-ಆಂಪ್ ಸಾವಧಾನದ ಪ್ರಾಣಿ. ಆ ತುದಿಯಿಂದ ಈ ತುದಿಗೆ ಬರಲು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಟ್ರಾನ್ಸಿಸ್ಟರು ಅರ್ಧ ತೆರೆದ ಬಾಗಿಲಿನ ಹಾಗೆ ನಿಂತು ಬ್ಯಾಟರಿಯನ್ನು ಸುಡುತ್ತದೆ.

ಚಿಕ್ಕಮಗಳೂರಿನಿಂದ ಕಂಪ್ಯಾರೇಟರ್ ತರಿಸಿ ಕೂರಿಸಿದೆವು. ಈಗ ಕಪ್ಪೆಯೂ ಇಲ್ಲ, ಪೂರ್ತಿ ಮೌನ!

"ಸತ್ತ ಐಸಿ ಕೊಟ್ಟಿದಾನೆ" ಎಂದು ಪ್ರಸನ್ನ ಅಂಗಡಿಯವನಿಗೆ ಬೈದ. ಕೊಯ್ಲು ಸೋಮವಾರಕ್ಕೆ ನಿಗದಿಯಾಗಿತ್ತು. ಶನಿವಾರ ಊಟದ ನಡುವೆ ನನಗೆ ಹೊಳೆಯಿತು: ಈ ಐಸಿ ವೋಲ್ಟೇಜನ್ನು ಕೆಳಗೆಳೆಯಬಲ್ಲದು, ತಾನಾಗಿ ಮೇಲೆತ್ತಲಾರದು. ಎತ್ತಬೇಕಿದ್ದದ್ದು ನಾವು ಕಿತ್ತ ರೆಸಿಸ್ಟರು. ಕೈ ತೊಳೆದವನೇ ಅದನ್ನು ಮರಳಿ ಬೆಸೆದೆ.

ಸೋಮವಾರ ಗಿರಿಜತ್ತೆ ಪಿಸುಗುಟ್ಟಿದ್ದು ಇಳಿಜಾರಿನ ಕೊನೆಯ ಸಾಲಿಗೂ ಮುಟ್ಟಿತು: "ಲಲಿತಾ, ಹಸಿಕಾಯಿ ಕೀಳ್ಬೇಡ!"

"ಅಯ್ಯೋ ಗಿರಿಜಕ್ಕ, ಮೊದ್ಲಾದ್ರೆ ಕೇಳಿಲ್ಲ ಅನ್ಬಹುದಿತ್ತು!" ಎಂದು ಲಲಿತ ಕೆಳಗಿನಿಂದಲೇ ಕೂಗಿದಳು. ಸಂಜೆ ತೂಕದ ಹೊತ್ತಿಗೂ ಪೆಟ್ಟಿಗೆ ತಣ್ಣಗಿತ್ತು. "ನೀನೇ ಇರು ಗಿರಿಜಾ" ಎಂದರು ಸಾಹುಕಾರರು.

ಇವತ್ತು ಟಾರ್ಚು ಮುಗಿಸಿ ಏಳುವಷ್ಟರಲ್ಲಿ ಗಿರಿಜತ್ತೆಯೇ ಬಂದು, ಪೆಟ್ಟಿಗೆಯನ್ನು ನನ್ನ ಮುಂದಿಟ್ಟು ಹೊರಗೆ ನಡೆದರು. "ಇದ್ರ ಸದ್ದು ಇನ್ನೂ ಸಣ್ಣ ಮಾಡ್ಕೊಡು. ಗುಂಡಿ ಪೂರ್ತಿ ಕಮ್ಮಿಗೆ ತಿರುಗಿಸಿದ್ರೂ ಜೋರಾಗ್ತದೆ."

ಪೆಟ್ಟಿಗೆ ಕೆಟ್ಟಿತೇನೋ ಎಂದು ಬಿಚ್ಚಿ ನೋಡಿದೆ. ಎಲ್ಲ ಸರಿಯಿತ್ತು. ಮತ್ತೆ ತಲೆಯೆತ್ತಿದಾಗಲೇ ಗೊತ್ತಾದದ್ದು: ಅವರು ಅಷ್ಟು ಹೇಳಿದ್ದು ಅಂಗಳದಿಂದ, ನನಗೆ ಕೇಳಿದ್ದು ಕೋಣೆಯಲ್ಲಿ. ನಡುವೆ ಯಾವ ಮೈಕೂ ಇರಲಿಲ್ಲ.