ಡ್ರಿಲ್ ಮಾಸ್ತರರು ಪುಸ್ತಕ ಆರಿಸಿದ್ದು

ಪ್ರೌಢಶಾಲೆಯ ಮಕ್ಕಳಿಗೊಂದು ಓದುವ ಕಪಾಟು ಇಡಬೇಕೆಂದು ತೀರ್ಮಾನವಾದಾಗ, ಅದಕ್ಕೆ ಪುಸ್ತಕ ಆರಿಸುವ ಕೆಲಸ ಡ್ರಿಲ್ ಮಾಸ್ತರರ ಕೊರಳಿಗೆ ಬಿತ್ತು. ಭಾಷಾ ಶಿಕ್ಷಕರಿಬ್ಬರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಒಬ್ಬರು ಸೈ ಎಂದದ್ದನ್ನು ಇನ್ನೊಬ್ಬರು ಛೀ ಎನ್ನುತ್ತಿದ್ದರು. ಯಾವ ಪಕ್ಷಕ್ಕೂ ಸೇರದವರು ಇವರೊಬ್ಬರೇ. ಹೆಡ್‌ಮೇಡಂ ಕರೆದು ಹೇಳಿದರು, ಇವರು ಎದೆ ಸೆಟೆಸಿ ಒಪ್ಪಿಕೊಂಡರು. ಕಾಲೇಜು ಬಿಟ್ಟ ಮೇಲೆ ಒಂದೇ ಒಂದು ಕಥೆಪುಸ್ತಕವನ್ನೂ ತಾವು ಮುಗಿಸಿಲ್ಲ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ.

ಇಪ್ಪತ್ತೆರಡು ವರ್ಷ ಮಕ್ಕಳ ಕೈಗೆ ಚೆಂಡು, ಬ್ಯಾಟು ಕೊಟ್ಟ ಅನುಭವ ಅವರದು. ಆ ಕೈಗಳಲ್ಲಿ ಯಾವುದು ಎಷ್ಟು ದಿನ ಬಾಳುತ್ತದೆಂದು ಬಲ್ಲವರು. ಹಾಗಾಗಿ ಪುಸ್ತಕದಂಗಡಿಯಲ್ಲಿ ಒಂದೊಂದು ಪುಸ್ತಕವನ್ನೂ ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟು ನೋಡಿದರು. ಹೊಲಿಗೆ ಬಿಚ್ಚದಿದ್ದರೆ ಪಾಸು. ಅಂಗಡಿಯವನು ನಾಲ್ಕನೇ ಪುಸ್ತಕದವರೆಗೆ ಸಹಿಸಿಕೊಂಡು, ಆಮೇಲೆ ಕೆಳಗೊಂದು ಗೋಣಿಚೀಲ ಹಾಸಿದ. ಹೀಗೆ ಪಾಸಾದವು ಮಹಾಪುರುಷರ ಜೀವನಚರಿತ್ರೆಗಳು, ಒಂದು ವಿಶ್ವಕೋಶ, ಶಿಸ್ತಿನ ಬಗ್ಗೆ ಇಟ್ಟಿಗೆಯಂಥ ಎರಡು ಸಂಪುಟ.

ಎರಡು ತಿಂಗಳಾದರೂ ಪುಸ್ತಕಗಳು ಹೊಚ್ಚಹೊಸದಾಗಿಯೇ ಇದ್ದವು. ಮಾಸ್ತರರಿಗೆ ಮೊದಲು ಹೆಮ್ಮೆಯಾಯಿತು. ಆಮೇಲೆ ಎರವಲು ವಹಿ ತೆರೆದು ನೋಡಿದರೆ ಒಂದೇ ಹೆಸರು. ಅದೂ ಕಿಟಕಿ ಬಡಿಯದಂತೆ ಆನಿಸಲು ದಪ್ಪ ಪುಸ್ತಕ ಒಯ್ದ ಜವಾನನದು. ಒಂಬತ್ತನೇ ತರಗತಿಯ ಕೊನೆ ಬೆಂಚಿನ ಹುಡುಗಿಯೊಬ್ಬಳನ್ನು ನಿಲ್ಲಿಸಿ, ಯಾಕೆ ಓದುವುದಿಲ್ಲವೆಂದು ಗದರಿಸಿದರು.

“ನೀವು ಓದಿದೀರಾ ಸರ್?” ಎಂದಳು ಅವಳು. ಮಾತಿನಲ್ಲಿ ಕೊಂಕಿರಲಿಲ್ಲ, ಚೆನ್ನಾಗಿದ್ದರೆ ತಾನೂ ಓದೋಣ ಎಂಬಂತಿತ್ತು.

ಮಾಸ್ತರರು ಅವಳಿಗೆ ಕೂರಲು ಹೇಳಿ, ಎರವಲು ವಹಿಯನ್ನು ಮುಚ್ಚಿದರು.

ಈ ಸಲ ಓದಿಯೇ ಆರಿಸಬೇಕೆಂದು, ಮರುದಿನದಿಂದ ಅಂಗಡಿಯವನನ್ನು ಕಾಡಿ ಬೇಡಿ ಬೇರೆ ಪುಸ್ತಕಗಳನ್ನು ನಾಲ್ಕು ದಿನದ ಮಟ್ಟಿಗೆ ಮನೆಗೆ ತರತೊಡಗಿದರು. ಸಂಜೆ ಓದಲು ಕೂತರೆ ಮೂರನೇ ಪುಟಕ್ಕೇ ತೂಕಡಿಕೆ. ತಪ್ಪು ಪುಸ್ತಕದ್ದೋ ತಮ್ಮದೋ ತಿಳಿಯದೆ ಒದ್ದಾಡುತ್ತಿದ್ದರು. ಮನೆಯಲ್ಲಿ ಹೆಂಡತಿಯ ತಾಯಿ ಇದ್ದರು. ನಲವತ್ತು ವರ್ಷ ಬಟ್ಟೆ ಹೊಲಿದು, ಮಂಡಿನೋವು ಬಂದ ಮೇಲೆ ಮಿಷನ್ನು ಬಿಟ್ಟವರು. ಒಂದು ದಿನ ಹೊತ್ತು ಹೋಗದೆ, ಟೀಪಾಯಿ ಮೇಲಿದ್ದ ಪತ್ತೇದಾರಿ ಕಾದಂಬರಿಯೊಂದನ್ನು ಕೈಗೆತ್ತಿಕೊಂಡರು. ಒಲೆಯ ಮೇಲಿದ್ದ ಹಾಲು ಉಕ್ಕಿತು, ಹರಿಯಿತು, ತಳ ಹಿಡಿದ ವಾಸನೆ ಪಕ್ಕದ ಮನೆಯವರೆಗೂ ಹೋಯಿತು. ಅತ್ತೆ ಪುಟ ತಿರುವಿದರು.

“ಅತ್ತೆ, ಹಾಲು,” ಎಂದರು ಮಾಸ್ತರರು.

“ಇರಲಿ ಬಿಡಿ ಅಳಿಯಂದ್ರೇ. ಇಲ್ಲಿ ಮನುಷ್ಯ ಸತ್ತಿದಾನೆ.”

ಅಂದಿನಿಂದ ಅತ್ತೆಯೇ ಪರೀಕ್ಷಕರು. ಅವರು ಅರ್ಧಕ್ಕೆ ಮುಚ್ಚಿದ್ದು ಅಂಗಡಿಗೆ ವಾಪಸು. ನೀತಿಕಥೆಯೊಂದರ ಬಗ್ಗೆ, ಎಂಟನೇ ಪುಟದಲ್ಲೇ ಹುಡುಗ ಒಳ್ಳೆಯವನಾಗಿಬಿಟ್ಟ, ಇನ್ನು ಓದುವುದೇನಿದೆ ಎಂದು ತೀರ್ಪು ಕೊಟ್ಟರು. ವಿಜ್ಞಾನದ ಪುಸ್ತಕದಲ್ಲಿ ಜೇಡದ ಬಲೆಯ ಚಿತ್ರ ನೋಡಿ, ಇಷ್ಟು ನಯದ ಕೆಲಸ ತಮ್ಮ ಕೈಲೂ ಆಗಿರಲಿಲ್ಲವೆಂದು ಎರಡು ದಿನ ಅದನ್ನು ಬಿಟ್ಟುಕೊಡಲೇ ಇಲ್ಲ. ಕಥೆಯನ್ನು ಅರ್ಧ ಹೇಳಿ ನಿಲ್ಲಿಸಿಬಿಡುವುದು ಅವರ ಚಾಳಿ. ಉಳಿದರ್ಧಕ್ಕಾಗಿ ಮಾಸ್ತರರೇ ಪುಸ್ತಕ ಹಿಡಿಯಬೇಕಾಯಿತು. ತೂಕಡಿಕೆ ಯಾವಾಗ ಬಿಟ್ಟುಹೋಯಿತೋ ಅವರಿಗೇ ಗೊತ್ತಾಗಲಿಲ್ಲ.

ಹೊಸ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಎದುರೂ ಆಯ್ಕೆಯ ಕಾರಣ ಬರೆಯಬೇಕಿತ್ತು. ಮಾಸ್ತರರಿಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಒಂದರ ಎದುರು ‘ಹಾಲು ಉಕ್ಕಿತು’ ಎಂದರು, ಇನ್ನೊಂದರ ಎದುರು ‘ಅತ್ತೆ ಊಟಕ್ಕೆ ಏಳಲಿಲ್ಲ’ ಎಂದರು, ಮತ್ತೊಂದರ ಎದುರು ‘ನನಗೆ ಕಣ್ಣೀರು ಬಂತು’ ಎಂದು ಚಿಕ್ಕ ಅಕ್ಷರದಲ್ಲಿ ಬರೆದರು. ಹೆಡ್‌ಮೇಡಂ ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಇದನ್ನ ಮೇಲಿನ ಆಫೀಸಿಗೆ ಹೇಗೆ ಕಳಿಸಲಿ ಮಾಸ್ಟ್ರೇ?”

“ಇದ್ದದ್ದು ಇದ್ದ ಹಾಗೆ ಬರೆದಿದೀನಿ ಮೇಡಂ.”

ಅವರು ನಗು ತಡೆದುಕೊಂಡು ಸಹಿ ಹಾಕಿದರು. ಮಾಸ್ತರರು ತೋರಿಸಲು ತಂದಿದ್ದ ಪುಸ್ತಕಗಳಲ್ಲಿ ಕಣ್ಣೀರಿನದನ್ನು ಮಾತ್ರ ತಮ್ಮ ಕೈಚೀಲಕ್ಕೆ ಸೇರಿಸಿಕೊಂಡರು.

ಹೊಸ ಪುಸ್ತಕಗಳು ಬಂದ ವಾರದಲ್ಲೇ ಕಪಾಟು ಬರಿದಾಯಿತು. ಆಟದ ಪೀರಿಯಡ್ಡಿನಲ್ಲೂ ಮೂರ್ನಾಲ್ಕು ಮಕ್ಕಳು ಮರದ ನೆರಳಲ್ಲಿ ಕೂತು ಓದತೊಡಗಿದರು. ಇದು ಶಿಸ್ತುಭಂಗವೋ ಅಲ್ಲವೋ ಎಂದು ಮಾಸ್ತರರು ಒಂದು ವಾರ ತಲೆ ಕೆಡಿಸಿಕೊಂಡರು. ಕೊನೆಗೆ, ಮೈದಾನಕ್ಕೆ ಎರಡು ಸುತ್ತು ಓಡಿ ಬಂದವರು ಒಂದು ಅಧ್ಯಾಯ ಓದಬಹುದೆಂದು ನಿಯಮ ಮಾಡಿದರು. ಆ ವರ್ಷ ಓಡಿದಷ್ಟು ಮಕ್ಕಳು ಆ ಮೈದಾನದಲ್ಲಿ ಹಿಂದೆಂದೂ ಓಡಿರಲಿಲ್ಲ.