ತ್ಯಾಂಪಣ್ಣನ ನೇರ ಸುರಂಗ

ಮುರಗುಡ್ಡೆ ಕಾಲನಿಯಲ್ಲಿ ಮೂವತ್ತನಾಲ್ಕು ಮನೆ. ಪಟ್ಟಣ ಪಂಚಾಯತಿನ ನಕ್ಷೆಯಲ್ಲಿ ಅದು ಪೇಟೆಯ ಒಳಗೇ ಇದೆ, ಪೇಟೆಯವರ ಮನಸ್ಸಿನಲ್ಲಿ ಮಾತ್ರ ಇಲ್ಲ. ರಿಕ್ಷಾದವರು ಗುಡ್ಡದ ಬುಡದಲ್ಲೇ ಇಳಿಸಿ ಹೋಗುತ್ತಾರೆ. ಬೀದಿದೀಪದ ಕಂಬ ಬಂದು ಆರು ವರ್ಷವಾಯಿತು, ದೀಪ ಇನ್ನೂ ದಾರಿಯಲ್ಲಿದೆ. ಕೊಳವೆಬಾವಿ ಎರಡು ಸಲ ಕೊರೆದರು, ಎರಡು ಸಲವೂ ಬಂದದ್ದು ಧೂಳು. ಆದರೂ ಜನ ಅಲ್ಲಿ ಬದುಕಿಕೊಂಡಿದ್ದರೆ ಅದಕ್ಕೆ ತ್ಯಾಂಪಣ್ಣನ ಸುರಂಗವೇ ಕಾರಣ.

ಸುರಂಗವೆಂದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಬಗ್ಗಿ ನಡೆಯುವಷ್ಟು ಜಾಗ. ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಬಂದು ಬಾಯಿಯ ತೊಟ್ಟಿಗೆ ಬೀಳುತ್ತದೆ. ಸವಣೂರಿನಿಂದ ಕೋಡಿಂಬಾಳದವರೆಗೆ ತ್ಯಾಂಪಣ್ಣ ಇಪ್ಪತ್ತಮೂರು ಸುರಂಗ ಕೊರೆದಿದ್ದ, ಎಲ್ಲವೂ ಬೇರೆಯವರ ತೋಟಕ್ಕೆ. ಇಪ್ಪತ್ತನಾಲ್ಕನೆಯದನ್ನು ತನ್ನ ಕಾಲನಿಗೆ ಕೊರೆದ. ಅವನು ಪಿಕಾಸಿನಿಂದ ಅಗೆದ ಮಣ್ಣನ್ನು ಹೆಂಡತಿ ಅಪ್ಪಿ ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದಳು. ಎರಡು ಬೇಸಿಗೆಯ ಕೆಲಸ, ಎರಡೂವರೆ ಅಡಿಯ ಕೋಲಿನಲ್ಲಿ ಅಳೆದರೆ ಅರುವತ್ತೆರಡು ಕೋಲು ಉದ್ದ.

ಅವನಿಗೆ ಕೆಲಸ ಕಲಿಸಿದ ಕೂಸಪ್ಪನದೊಂದು ಕ್ರಮವಿತ್ತು. ಸುರಂಗ ಮುಗಿದ ದಿನ ಕೊನೆಯಲ್ಲಿ ಎಣ್ಣೆದೀಪ ಇಟ್ಟು, ಜನರನ್ನು ಬಾಯಿಯಲ್ಲಿ ನಿಲ್ಲಿಸಿ ಒಳಗೆ ನೋಡಿಸುವುದು. ದೀಪ ಕಂಡರೆ ಸುರಂಗ ನೇರ, ಕಾಣದಿದ್ದರೆ ಕೊರೆದವನ ಮರ್ಯಾದೆ ಅಲ್ಲಿಗೇ ಮಣ್ಣು. ತ್ಯಾಂಪಣ್ಣನ ಇಪ್ಪತ್ತಮೂರರಲ್ಲೂ ದೀಪ ಕಂಡಿತ್ತು. ಇಪ್ಪತ್ತನಾಲ್ಕನೆಯದರಲ್ಲಿ ನಲವತ್ತು ಕೋಲಿನ ಹತ್ತಿರ ಕರಿಕಲ್ಲು ಎದುರಾಯಿತು. ಪಿಕಾಸಿನ ಮೊನೆ ಮುರಿಯಿತೇ ಹೊರತು ಕಲ್ಲು ಜಗ್ಗಲಿಲ್ಲ. ಅವನು ಎಡಕ್ಕೆ ತಿರುಗಿ ಇಪ್ಪತ್ತೆರಡು ಕೋಲು ಹೋದ ಮೇಲೆ ನೀರು ಸಿಕ್ಕಿತು.

ದೀಪದ ದಿನ ಊರೇ ಬಾಯಿಯಲ್ಲಿ ನಿಂತಿತ್ತು. ತ್ಯಾಂಪಣ್ಣ ಒಳಗೆ ಹೋಗಿ ದೀಪವನ್ನು ಕೊನೆಯಲ್ಲಿ ಇಡಲಿಲ್ಲ. ತಿರುವಿನಲ್ಲಿ, ಆ ಕರಿಕಲ್ಲಿನ ಎದುರಿಗೆ ಇಟ್ಟು ಬಂದ. ಎಲ್ಲರಿಗೂ ದೀಪ ಕಂಡಿತು. ಸಂಗತಿ ಗೊತ್ತಿದ್ದದ್ದು ಮಣ್ಣು ಹೊತ್ತ ಅಪ್ಪಿಗೆ ಮಾತ್ರ. ನೀರಿಗೆ ಇದರಿಂದೇನೂ ಕಡಿಮೆಯಾಗಲಿಲ್ಲ ನೋಡಿ. ಅದಕ್ಕೇ ಆ ಸುಳ್ಳು ಮೂವತ್ತು ವರ್ಷ ಯಾರಿಗೂ ತೊಂದರೆ ಕೊಡದೆ ಮಲಗಿತ್ತು.

ಕಳೆದ ವರ್ಷ ಪಂಚಾಯತಿಗೆ ಹೊಸ ಇಂಜಿನಿಯರ್ ಬಂದಳು, ಸುಪ್ರಿತಾ ಎಂದು. ಹಿಂದುಳಿದ ಕಾಲನಿಗಳನ್ನು ಅಲ್ಲಿಯ ಜನರ ಜೊತೆ ಸೇರಿಯೇ ಮೇಲೆತ್ತುವ ಯೋಜನೆ ಅವಳ ಕೈಗೆ ಬಂದಿತ್ತು. ಇಂಥ ಮಾತು ಮುರಗುಡ್ಡೆಯವರು ಬೇಕಾದಷ್ಟು ಕೇಳಿದ್ದರು. ಆದರೆ ಈ ಹುಡುಗಿ ಜೀಪಿನಿಂದ ಇಳಿದು ಬೀಡಿ ಕಟ್ಟುವ ಶಮೀನಾಳ ಜಗಲಿಯಲ್ಲಿ ಕೂತು, "ನಿಮಗೆ ಮೊದಲು ಎಂತ ಆಗ್ಬೇಕು?" ಎಂದು ಕೇಳಿದಳು. ಜನರೇ ಸಮಿತಿ ಮಾಡಿದರು. ರಸ್ತೆ, ಗುಡ್ಡದ ಮೇಲೆ ಅಂಗನವಾಡಿ ಸೇರಿದ ಸಮುದಾಯ ಭವನ ಎಂದು ತೀರ್ಮಾನವಾಯಿತು. ಪ್ರತಿ ಆದಿತ್ಯವಾರ ಶ್ರಮದಾನ. ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದ ಮನೆಯವರು ಒಟ್ಟಿಗೆ ಕಲ್ಲು ಹೊತ್ತರು.

ಸುಪ್ರಿತಾ ಒಂದೇ ಹಟ ಹಿಡಿದಿದ್ದಳು, ಸುರಂಗಕ್ಕೆ ಧಕ್ಕೆಯಾಗಬಾರದು. ಎಲ್ಲರ ಎದುರಿಗೆ ತ್ಯಾಂಪಣ್ಣನನ್ನು ಕರೆದಳು.

"ಅಜ್ಜ, ನಕ್ಷೆ ಗಿಕ್ಷೆ ಎಂತದೂ ಇಲ್ಲ. ನಿಮ್ಮ ಮಾತೇ ನಕ್ಷೆ. ಸುರಂಗ ಎಲ್ಲಿ ಹೋಗ್ತದೆ ಅಂತ ಗೂಟ ಹಾಕಿ ಕೊಡಿ."

"ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಮೇಡಂ? ತ್ಯಾಂಪಣ್ಣಂದಲ್ವಾ, ನೂಲು ಹಿಡಿದ ಹಾಗೆ ಇರ್ತದೆ" ಎಂದು ವಾರ್ಡ್ ಸದಸ್ಯ ಜತ್ತಪ್ಪ ನಕ್ಕ. ಎಲ್ಲರೂ ಹೆಮ್ಮೆಯಿಂದ ತ್ಯಾಂಪಣ್ಣನನ್ನೇ ನೋಡಿದರು. ಅರುವತ್ತೆಂಟು ವರ್ಷದ ಮುದುಕನಿಗೆ ಆ ನೋಟ ಸಾಕಾಯಿತು. ಬಾಯಿಯಿಂದ ಗುಡ್ಡದ ನೆತ್ತಿಯವರೆಗೆ ಗೂಟ ಹಾಕುತ್ತಾ ಹೋದ, ಒಂದೇ ನೇರ. ತಿರುವಿನ ಜಾಗ ಬಂದಾಗ ಕಾಲು ಒಂದು ಗಳಿಗೆ ನಿಂತಿತು, ಅಷ್ಟೇ.

ಭವನದ ಕಂಬಗಳಿಗೆ ಗೂಟದ ಸಾಲಿನಿಂದ ಹನ್ನೆರಡು ಅಡಿ ಎಡಕ್ಕೆ ಗುರುತು ಹಾಕಿದರು.

"ಹೇಳಿಬಿಡಿ" ಎಂದಳು ಅಪ್ಪಿ ಮನೆಯಲ್ಲಿ.

"ಅಲ್ಲಿ ಸುರಂಗದ ಮೇಲೆ ಎಂಟು ಕೋಲು ಮಣ್ಣುಂಟು. ಹೊಂಡ ತೆಗೆಯುದು ಮೂರೇ ಕೋಲು. ಎಂತ ಆಗುದಿಲ್ಲ."

ಅವನ ಲೆಕ್ಕ ಅವನ ಕೈಯ ಮಟ್ಟಿಗೆ ಸರಿಯಿತ್ತು. ಜನ್ಮವಿಡೀ ಪಿಕಾಸಿನಲ್ಲೇ ಅಗೆದವನಿಗೆ, ಹೊಂಡ ತೆಗೆಯುವ ಮೊದಲು ಯಂತ್ರ ತಂದು ಗುಡ್ಡವನ್ನೇ ಐದು ಕೋಲು ಕಡಿದು ಸಮತಟ್ಟು ಮಾಡುತ್ತಾರೆ ಎಂಬುದು ಹೊಳೆಯಲಿಲ್ಲ. ತಟ್ಟು ಮಾಡುವುದನ್ನು ಕಣ್ಣಾರೆ ನೋಡಿದಾಗಲೂ ಅವನು ಬಾಯಿ ಬಿಡಲಿಲ್ಲ. ಇದನ್ನು ಮಾತ್ರ ನಾನು ಅವನಿಗೆ ಮಾಫಿ ಮಾಡಲಾರೆ. ಎರಡು ದಿನ ಇತ್ತು. ಎರಡು ದಿನವೂ ಅವನು ಊಟ ಬಿಟ್ಟ, ಜಂಬ ಬಿಡಲಿಲ್ಲ.

ಎಪ್ರಿಲಿನ ಒಂದು ಬೆಳಿಗ್ಗೆ ಮೂರನೆಯ ಹೊಂಡದಲ್ಲಿ ಯಂತ್ರದ ಹಲ್ಲು ಇಳಿದದ್ದೇ ನೆಲ ಧಡಾರನೆ ಒಳಗೆ ಕುಸಿಯಿತು. ತೊಟ್ಟಿಗೆ ಕೆಂಪು ರಾಡಿ ಬಂತು. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು. ಒರತೆ ಇದ್ದದ್ದು ಕುಸಿದ ಜಾಗದ ಆಚೆಗೆ. ಸಡಿಲಾದ ಗುಡ್ಡದೊಳಗೆ ಹೋಗಿ ಮತ್ತೆ ಕೊರೆಯುವ ಧೈರ್ಯ ಯಾರಿಗೂ ಇರಲಿಲ್ಲ. ತ್ಯಾಂಪಣ್ಣ ಪಿಕಾಸು ಹಿಡಿದು ಹೋದ. ಹತ್ತು ಕೋಲು ಹೋಗುವಷ್ಟರಲ್ಲಿ ಉಸಿರು ಕಟ್ಟಿ, ಜನ ಕಾಲು ಹಿಡಿದು ಹೊರಗೆ ಎಳೆದರು.

ಮರುದಿನ ಸಭೆ. ಮೇಲಧಿಕಾರಿಗಳೂ ಬಂದಿದ್ದರು. ಜತ್ತಪ್ಪ ಗುಡುಗಿದ: "ಅಷ್ಟು ನೇರ ಇರುವ ಸುರಂಗವನ್ನು ತಪ್ಪಿಸ್ಲಿಕ್ಕೆ ಆಗದವರು ಎಂತ ಇಂಜಿನಿಯರ್ ಮಾರಾಯ್ರೆ?"

"ನಾನು ಗೂಟ ಬಿಟ್ಟು ಹನ್ನೆರಡು ಅಡಿ ಆಚೆಗೇ ಮಾಡಿಸಿದ್ದು" ಎಂದಳು ಸುಪ್ರಿತಾ. ಆದರೆ ಆ ಗೂಟಗಳು ತಟ್ಟು ಮಾಡುವಾಗಲೇ ಯಂತ್ರದಡಿ ಹೋಗಿದ್ದವು.

ತ್ಯಾಂಪಣ್ಣ ಎದ್ದು ನಿಂತ. "ಅವರ ತಪ್ಪಿಲ್ಲ. ಸುರಂಗ ನೇರ ಇಲ್ಲ. ನಲವತ್ತು ಕೋಲಿನಲ್ಲಿ ಎಡಕ್ಕೆ ತಿರುಗಿದೆ. ದೀಪವನ್ನು ನಾನು ತಿರುವಿನಲ್ಲಿ ಇಟ್ಟದ್ದು. ನಿಮಗೆಲ್ಲ ಮೋಸ ಮಾಡಿದೆ."

ಶಮೀನಾ, "ಎಂತ ಹೇಳುದು ನೀವು? ಮದುವೆಯಾಗಿ ಬಂದ ವರ್ಷ ಆ ದೀಪ ನಾನೇ ನೋಡಿದ್ದೇನೆ. ಪಾಪದ ಹುಡುಗಿಯನ್ನು ಉಳಿಸ್ಲಿಕ್ಕೆ ನಿಮ್ಮ ಹೆಸರು ಹಾಳು ಮಾಡ್ಬೇಡಿ" ಎಂದಳು.

"ಅಪ್ಪಿಯನ್ನು ಕೇಳಿ. ಮಣ್ಣು ಹೊತ್ತದ್ದು ಅವಳೇ" ಎಂದ ತ್ಯಾಂಪಣ್ಣ.

ಎಲ್ಲರೂ ಅಪ್ಪಿಯ ಕಡೆಗೆ ತಿರುಗಿದರು. ಅವಳು ಸುಪ್ರಿತಾಳನ್ನು ನೋಡಿದಳು. ಖಾಲಿ ಕೊಡ ಹಿಡಿದೇ ಸಭೆಗೆ ಬಂದ ಹೆಂಗಸರನ್ನು ನೋಡಿದಳು. ಇವರ ನಡುವೆಯೇ ತಾನೂ ಗಂಡನೂ ಇನ್ನು ಮುಂದೆ ಬದುಕಬೇಕು.

"ಇಲ್ಲ, ಸುರಂಗ ನೇರವೇ ಉಂಟು" ಎಂದಳು. "ನಿನ್ನೆ ಒಳಗೆ ಉಸಿರು ಕಟ್ಟಿದಾಗಿಂದ ಇವರಿಗೆ ತಲೆ ಸರಿ ಇಲ್ಲ."

ಸುಪ್ರಿತಾಳನ್ನು ಅಮಾನತು ಮಾಡಿದರು. ಭವನದ ಕಂಬಗಳ ಹೊಂಡದಲ್ಲಿ ಈಗ ಮಳೆನೀರು, ಸೊಳ್ಳೆ. ಜನರನ್ನು ಕೇಳಿ ಕೆಲಸ ಮಾಡಿದರೆ ಹೀಗೇ ಆಗುವುದು ಎಂದು ಪಂಚಾಯತಿನಲ್ಲಿ ಮಾತಾಯಿತು, ಮತ್ತೆ ಯಾರೂ ಗುಡ್ಡ ಹತ್ತಿ ಕೇಳಲಿಲ್ಲ. ಮಳೆ ಬಿಟ್ಟ ಮೇಲೆ ದಿನಬಿಟ್ಟು ದಿನ ಟ್ಯಾಂಕರ್ ಬರುತ್ತದೆ. ಅದೂ ಗುಡ್ಡದ ಬುಡಕ್ಕೆ.

ಟ್ಯಾಂಕರ್ ಬಂದ ದಿನ ತ್ಯಾಂಪಣ್ಣ, ಅಪ್ಪಿ ಇಬ್ಬರೂ ಕೊಡ ಹಿಡಿದು ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಜನ ಬಿಡುವುದಿಲ್ಲ. "ತ್ಯಾಂಪಣ್ಣ, ನೀವು ಮುಂದೆ ಬನ್ನಿ. ಮೂವತ್ತು ವರ್ಷ ನೀರು ಕೊಟ್ಟವರು ನೀವು" ಎಂದು ದಾರಿ ಬಿಡುತ್ತಾರೆ. ಅವನು ಬೇಡ ಎಂದು ತಲೆ ಆಡಿಸುತ್ತಾನೆ. ಅಪ್ಪಿ ಅವನ ಕೈಯಿಂದ ಕೊಡ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಎಲ್ಲರಿಗಿಂತ ಮೊದಲು ತುಂಬಿಸುತ್ತಾಳೆ.